ಮಾಲೆ ಹಾಕದೆ ಬಿಟ್ಟವನು

ಹೊಸ ತುಳಸಿ ಮಾಲೆಗೆ ಆಗತಾನೇ ಕೊರೆದ ಕಟ್ಟಿಗೆಯ ವಾಸನೆ ಇರುತ್ತದೆ. ಮೊನ್ನೆ ದೇವರ ಗೂಡು ಒರೆಸುವಾಗ ಅದೇ ವಾಸನೆ ಬಂತು. ಅವ್ವ ನವಲಗುಂದದ ಸಂತೆಯಿಂದ ಕಾಕಾನಿಗೆಂದು ತಂದ ಮಾಲೆ. ಒಮ್ಮೆಯೂ ಕೊರಳು ಕಂಡಿಲ್ಲ.

ಕಾಕಾ ಎಂದರೆ ತೀರಿಹೋದ ನನ್ನ ಅಪ್ಪನ ತಮ್ಮ. ನಾನು ಚಿಕ್ಕವಳಿದ್ದಾಗ ಕುಡಿಯುವವರು ಕದ್ದು ಕುಡಿಯುತ್ತಿದ್ದರು. ಕಾಕಾ ಬಾಯಲ್ಲಿ ಏಲಕ್ಕಿ ಹಾಕಿಕೊಂಡೇ ಹೊಸ್ತಿಲು ದಾಟುತ್ತಿದ್ದ. ಏಲಕ್ಕಿಯ ಘಮ ಬಂತೆಂದರೆ ನಾನು ಪುಸ್ತಕ ಹಿಡಿದು ಮೂಲೆ ಸೇರುತ್ತಿದ್ದೆ. ಈಗಲೂ ಪಾಯಸದ ಪರಿಮಳಕ್ಕೆ ಕೈ ಪುಸ್ತಕ ಹುಡುಕುತ್ತದೆ; ನನ್ನ ಎಂ.ಎ.ಗೆ ಅದೇ ಕಾರಣವಿರಬೇಕು.

ಬರಬರುತ್ತ ಏಲಕ್ಕಿಯೂ ಬೇಡವಾಯಿತು. ಮದುವೆ, ಮುಂಜಿ, ಯಾವ ಕಾರ್ಯವಾದರೂ ಗಂಡಸರು ಬಾಟಲಿ ಇಟ್ಟುಕೊಂಡು ಕೂಡುವುದು ಪದ್ಧತಿಯೇ ಆಯಿತು. "ಬಸು ಬರ್ಲಿ ತಡೀರಿ, ಅಂವ ಇಲ್ದ ಮಜಾ ಇಲ್ಲ" ಎಂದು ಕಾಕಾನಿಗೆ ಕಾಯುತ್ತಿದ್ದರು. ಕಾಕಾ ಗಟಾರದ ಬಾಜು ಬಿದ್ದಾಗ ಎತ್ತಲು ಅವರಲ್ಲಿ ಒಬ್ಬರೂ ಇರುತ್ತಿರಲಿಲ್ಲ. ನಾನು, ಅವ್ವ ಹೋಗುತ್ತಿದ್ದೆವು.

ಕೊನೆಗೆ ಕಾಕಾ ಧಾರವಾಡದಲ್ಲಿ ಕುಡಿತ ಬಿಡಿಸುವ ಶಿಬಿರಕ್ಕೆ ಹೋಗಿ ಬಂದ, ಬಿಟ್ಟ. ಊರಿಗೆ ಅದು ಅರ್ಥವೇ ಆಗಲಿಲ್ಲ. ವಿಠ್ಠಲನ ಹೆಸರಲ್ಲಿ ಮಾಲೆ ಹಾಕಿಕೊಂಡವನು ಹೆಂಡ ಮುಟ್ಟಬಾರದು. ಅವನಿಗೆ ಜನ ಕೈಮುಗಿದು ಸುಮ್ಮನಾಗುತ್ತಾರೆ. ಕಾಯಿಲೆಗೆ ಗುಳಿಗೆ ನಡೆದಿದೆ ಎಂದರೆ ಮರುಗುತ್ತಾರೆ. "ನನಗ ಬ್ಯಾಡ್ರಿ" ಎಂದಷ್ಟೇ ಹೇಳಿದವನನ್ನು ಮಾತ್ರ ಬಿಡುವುದಿಲ್ಲ.

"ಏನಲೇ, ಅಗದಿ ದೊಡ್ಡಾಂವ ಆದೇನು? ನಾವೆಲ್ಲಾ ಕೆಟ್ಟಾವ್ರನು?"

ಹೀಗಿರುವಾಗ ನನ್ನ ನಿಶ್ಚಯದ ದಿನ ಬಂತು. ಕುಂದಗೋಳದ ಕಡೆಯ ಬೀಗರಿಗೆ ಅಪ್ಪನ ಜಾಗದಲ್ಲಿ ಕೂತು ಕಾಕಾ ವೀಳ್ಯ ಕೊಡಬೇಕು. ಹಿಂದಿನ ಸಂಜೆ ಅವ್ವ ಮಾಲೆ ಹೊರತೆಗೆದಳು.

"ಬಸು, ನಾಳಿಗೊಂದ್ ದಿನಾ ಹಾಕ್ಕೊಳ್ಳಪಾ. ಕುಡಿಯಾಕ ಯಾರೂ ಕರಿಯಂಗಿಲ್ಲ. ಶಿಬಿರದ ಸುದ್ದಿ ಬೀಗರ ಕಿವಿಗೆ ಬಿದ್ರ ಹುಡುಗಿ ಲಗ್ನ ಮುರೀತದ."

"ವೈನಿ, ಕುಡದಾಂವ ನಾ, ಬಿಟ್ಟಾಂವನೂ ನಾ. ನಡುವ ವಿಠ್ಠಲನ ಕಡೆ ಯಾಕ ಸುಳ್ಳ ಹೇಳಸ್ತಿ?"

"ಹಂಗಾರ ನಮ್ಮಣ್ಣ ಕೊಡ್ಲಿ ವೀಳ್ಯಾ."

ಕಾಕಾ ನನ್ನ ಕಡೆ ನೋಡಲಿಲ್ಲ. "ಆತು. ನಾ ನಸುಕಿನ್ಯಾಗ ಹೊಲಕ್ಕ ಹೋಗ್ತೀನಿ. ಕಡ್ಲಿ ನೋಡೂದೈತಿ" ಎಂದ. ಕಡಲೆ ಕಿತ್ತು ಎಷ್ಟೋ ದಿನವಾಗಿತ್ತು.

ತೂರಾಡುತ್ತಿದ್ದಾಗ ಎಲ್ಲ ಕಾರ್ಯಗಳಲ್ಲೂ ಜಾಗವಿದ್ದ ಮನುಷ್ಯ, ನೆಟ್ಟಗೆ ನಿಂತ ಮೇಲೆ ನನ್ನ ನಿಶ್ಚಯಕ್ಕೆ ಅಡಗಿ ಕೂಡಬೇಕಿತ್ತು. ಜಗಳದ ಉತ್ತರ ಮರುದಿನ ಹೊಳೆಯುವವರ ಪೈಕಿ ನಾನು. ಪುಣ್ಯಕ್ಕೆ ಈ ಸಲ ಮರುದಿನವೂ ತಡವಾಗಿರಲಿಲ್ಲ.

ಆ ಸಂಬಂಧ ಮುಂದೆ ಕೂಡಿತೋ ಇಲ್ಲವೋ ಎಂದು ಕೇಳಬೇಡಿ, ಅದು ನನ್ನಷ್ಟಕ್ಕಿರಲಿ. ಬೆಳಿಗ್ಗೆ ನಾನು ಮಾಡಿದ್ದನ್ನಷ್ಟೇ ಹೇಳುತ್ತೇನೆ. ಅವ್ವ ಏಳುವ ಮೊದಲೇ ಹಿತ್ತಲಿಗೆ ಹೋಗಿ ಹುಡುಗನಿಗೆ ಫೋನ್ ಮಾಡಿದೆ. ಅದು ನಾನಾಗಿ ಅವರಿಗೆ ಮಾಡಿದ ಮೊದಲ ಫೋನು.

"ನಮ್ಮ ಕಾಕಾ ಭಾಳ ಕುಡೀತಿದ್ರು. ಶಿಬಿರಕ್ಕ ಹೋಗಿ ಬಿಟ್ಟಾರ್ರಿ. ಇವತ್ತ ವೀಳ್ಯಾ ಅವ್ರ ಕೊಡ್ತಾರ. ಆಮ್ಯಾಲೆ ಯಾರೂ ಅವ್ರನ್ನ ಕುಡಿಯಾಕ ಕರೀಬಾರ್ದು."

"ಇದನ್ನ ಈಗ್ಯಾಕ ಹೇಳಾಕತ್ತೀರಿ?"

"ಕೂತ ಮ್ಯಾಲೆ ಗೊತ್ತಾದ್ರ ಅವ್ರು ತಲಿ ತಗ್ಗಸಬೇಕಾಗ್ತದ್ರಿ. ಈಗಾದ್ರ ಬರೂದು ಬಿಡೂದು ನಿಮಗ ಬಿಟ್ಟದ್ದು."

ಅವರು "ಅಪ್ಪಾರಿಗೆ ಹೇಳ್ತೀನ್ರಿ" ಎಂದರು.

ಒಳಗೆ ಬಂದರೆ ಕಾಕಾ ಬೈಕಿನ ಕೀಲಿ ಹುಡುಕುತ್ತಿದ್ದ. ಅದು ನನ್ನ ಕೈಯಲ್ಲಿತ್ತು.

"ಜಳಕಾ ಮಾಡು. ವೀಳ್ಯಾ ನೀನ ಕೊಡಾಂವ. ಅವ್ರಿಗೆ ಎಲ್ಲಾ ಹೇಳೇನಿ."

ಕಾಕಾ ಹುಡುಕುವುದನ್ನು ಬಿಟ್ಟು ನನ್ನ ಕಡೆ ತಿರುಗಿದ. "ಬರ್ಲಿಲ್ಲಂದ್ರ ಏನ್ ಮಾಡ್ತಿ, ಅವ್ವಿ?"

"ಇಬ್ರೂ ಕೂಡಿ ಹೊಲಕ್ಕ ಹೋಗೂಣು."

ಅವನು ಬಚ್ಚಲಿಗೆ ಹೋದ. ನಾನು ಅವನ ಧೋತರ ಹಾಸಿ ಇಸ್ತ್ರಿ ಮಾಡತೊಡಗಿದೆ.