ಮೊಳ, ಗೇಣು, ನಾಲ್ಕು ಬೆಟ್ಟು

ಮುಕ್ಕಾಲು ಗಂಟೆ ಕಾಲ ನೀವು ಯಾವತ್ತಾದರೂ ಕಾರಿನ ಬಾನೆಟ್ ಮೇಲೆ ಕೂತಿದ್ದೀರಾ?

ನಾನು ಕೂತಿದ್ದೆ. ಆಚೆ ಭಾನುವಾರ, ಇನ್ನೂ ಬಿಸಿಲಿರುವಾಗಲೇ, ಪಾಂಡವಪುರದಿಂದ ಈಚೆಗೆ ಒಂದು ನಾಲೆ ಏರಿಯ ಮೇಲೆ. ಕಾರಿನ ಹಿಂಭಾಗ ನಾಲೆಯ ಮೇಲೆ ತೂಗಾಡುತ್ತಿತ್ತು. ಮುಂಭಾಗದಲ್ಲಿ ನಾನು. ಇಳಿಯುವ ಹಾಗಿರಲಿಲ್ಲ. ನಾನು ಇಳಿದರೆ ಕಾರು ನೀರಿಗೆ.

(ಹೋದ ವಾರ ಈ ಜಾಗದಲ್ಲಿ ನನ್ನ ಬರಹ ಯಾಕಿರಲಿಲ್ಲ ಎಂದು ಮೂರು ಜನ ವಿಚಾರಿಸಿದರು. ಕಾರಣ ಇದೇ. ವಿಚಾರಿಸದೆ ಇದ್ದವರಿಗೂ ನಮಸ್ಕಾರ.)

ಕಾರು ನನ್ನದಲ್ಲ, ಚೆಲುವರಾಜುವಿನದು. ಬಿಳಿ ಬಣ್ಣದ ಪುಟಾಣಿ ಕಾರು. ಚೆಲುವರಾಜು ದನದ ಡಾಕ್ಟರು. ಹುಟ್ಟಿದ್ದು ನಾಗಮಂಗಲದ ಬಿಂಡಿಗನವಿಲೆ ಕಡೆ, ಈಗ ಶ್ರೀರಂಗಪಟ್ಟಣದಲ್ಲಿ ನಮ್ಮ ಹಿಂದಿನ ಬೀದಿ. ಆರು ವರ್ಷದಿಂದ ಬ್ರಿಜ್ ಎಂಬ ಇಸ್ಪೀಟಾಟದಲ್ಲಿ ನನ್ನ ಪಾರ್ಟ್ನರ್. ಪ್ರತಿ ಭಾನುವಾರ ಇಬ್ಬರೂ ಅವನ ಕಾರಿನಲ್ಲಿ ಕೆ.ಆರ್. ಪೇಟೆಗೆ ಹೋಗುತ್ತೇವೆ. ಅಲ್ಲಿ ಒಬ್ಬರು ಡಾಕ್ಟರ್, ಅವರ ಹೆಂಡತಿ ಡಾಕ್ಟರಮ್ಮ. ಅವರಿಬ್ಬರು ಒಂದು ಕಡೆ, ನಾವಿಬ್ಬರು ಒಂದು ಕಡೆ.

ಇಸ್ಪೀಟು ಎಂದ ಕೂಡಲೇ ಮೂಗು ಮುರಿಯಬೇಡಿ. ಪೊಲೀಸರು ಬಂದರೆ ಹಿತ್ತಲ ಗೋಡೆ ಹಾರುವ ಆಟವಲ್ಲ ಇದು. ಡಾಕ್ಟರಮ್ಮ ಮಾಡುವ ನಿಪ್ಪಟ್ಟು ಬಿಟ್ಟರೆ ಅಲ್ಲಿ ಯಾರಿಗೂ ಏನೂ ಸಿಗುವುದಿಲ್ಲ.

ಬ್ರಿಜ್‌ನ ಮಜಾ ಇರುವುದು ಎಲೆ ಹಾಕುವುದರಲ್ಲಲ್ಲ, ಅದಕ್ಕೆ ಮುಂಚಿನ ಹರಾಜಿನಲ್ಲಿ. ಎದುರಿಗೆ ಕೂತ ಪಾರ್ಟ್ನರ್‌ನ ಕೈಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿಲ್ಲ. ನಿಮ್ಮ ಕೈಯಲ್ಲಿ ಏನಿದೆ ಎಂದು ಅವನಿಗೆ ಗೊತ್ತಿಲ್ಲ. ಬಾಯಿಬಿಟ್ಟು ಹೇಳುವಂತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ. ಇರುವುದು ಬೆರಳೆಣಿಕೆಯ ಮಾತು: ಒಂದು ಕಳಾವರ್, ಎರಡು ಆಟೀನು, ನೋ ಟ್ರಂಪ್ (ತುರುಪು ಬೇಡ), ಪಾಸ್. ಈ ಗುಬ್ಬಚ್ಚಿ ಭಾಷೆಯಲ್ಲೇ ನಿಮ್ಮ ಹದಿಮೂರು ಎಲೆಯ ಸಮಾಚಾರ ಎದುರಿನವನಿಗೆ ಮುಟ್ಟಿಸಬೇಕು. ಎಕ್ಕಕ್ಕೆ ನಾಲ್ಕು ಪಾಯಿಂಟು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು. ನಾನು "ಒಂದು ನೋ ಟ್ರಂಪ್" ಎಂದರೆ ನನ್ನ ಕೈಯಲ್ಲಿ ಹದಿನೈದರಿಂದ ಹದಿನೇಳು ಪಾಯಿಂಟು ಇದೆ ಎಂದರ್ಥ. ಹದಿನಾಲ್ಕೂ ಅಲ್ಲ, ಹದಿನೆಂಟೂ ಅಲ್ಲ. ಅದು ವಾಗ್ದಾನ.

ಆ ಭಾನುವಾರ ನನ್ನ ಕೈಯಲ್ಲಿದ್ದದ್ದು ಹದಿಮೂರು.

ನಾನು ಒಂದು ನೋ ಟ್ರಂಪ್ ಅಂದೆ. ಯಾಕೆ? ಎಲೆಗಳು ನೋಡಲು ಚೆನ್ನಾಗಿದ್ದವು. ಎರಡು ಹತ್ತು ಇದ್ದವು. ಮಧ್ಯಾಹ್ನ ಮುದ್ದೆ ಊಟ ಆಗಿತ್ತು, ಜಗತ್ತು ಒಳ್ಳೆಯದಾಗಿ ಕಾಣುತ್ತಿತ್ತು. ನನ್ನದು ಮೊದಲಿಂದಲೂ ಇದೇ ಚಾಳಿ. ಇರುವುದಕ್ಕೆ ಎರಡು ಸೇರಿಸಿ ಹೇಳುವುದು.

ಚೆಲುವರಾಜುವಿನ ಕೈಯಲ್ಲಿ ಹದಿನೆಂಟಿತ್ತು. ಹದಿನೆಂಟಕ್ಕೆ ನನ್ನ ಕನಿಷ್ಠ ಹದಿನೈದು ಸೇರಿಸಿದ. ಮೂವತ್ತಮೂರು. ಮೂವತ್ತಮೂರಿದ್ದರೆ ಹದಿಮೂರು ಸುತ್ತಿನಲ್ಲಿ ಹನ್ನೆರಡು ಗೆಲ್ಲಬಹುದು ಎನ್ನುವುದು ಬ್ರಿಜ್‌ನ ಮಗ್ಗಿ. ಜಿಗಿದೇ ಬಿಟ್ಟ: ಆರು ನೋ ಟ್ರಂಪ್, ಅಂದರೆ ಹನ್ನೆರಡು ಸುತ್ತು ಗೆದ್ದೇ ಗೆಲ್ಲುತ್ತೇವೆ ಎಂದು. ಎರಡು ಸುತ್ತು ಕಡಿಮೆ ಬಿದ್ದು ಮಕಾಡೆ ಮಲಗಿದೆವು.

ಡಾಕ್ಟರಮ್ಮ ನಿಪ್ಪಟ್ಟಿನ ತಟ್ಟೆಯನ್ನು ನಮ್ಮ ಕಡೆ ತಳ್ಳಿದರು. ಸೋತವರಿಗೆ ಅವರು ಮಾಡುವ ಉಪಚಾರ ಅದು. ನೀವಿಬ್ಬರು ಒಮ್ಮೆಯೂ ತಪ್ಪು ಹೇಳುವುದಿಲ್ಲವಲ್ಲ, ಹೇಗೆ ಎಂದು ಕೇಳಿದೆ. "ನಾವು ಸುಳ್ಳು ಹೇಳೋದನ್ನೆಲ್ಲ ಮನೆಯಲ್ಲೇ ಹೇಳಿ ಮುಗಿಸಿರ್ತೀವಿ," ಎಂದರು. ಡಾಕ್ಟರ್ ತಲೆ ಎತ್ತಲಿಲ್ಲ.

ವಾಪಸು ಬರುವಾಗ ಚಿನಕುರಳಿ ದಾಟಿದ ಮೇಲೆ ಚೆಲುವರಾಜು ಶುರು ಮಾಡಿದ.

"ಎಲ್ಲವ್ಲಾ ಹದಿನೈದು?"

ಎರಡು ಹತ್ತು ಇದ್ದವು ಎಂದೆ.

"ಹತ್ತಕ್ಕೆ ಯಾವೋನ್ಲಾ ಪಾಯಿಂಟ್ ಕೊಟ್ಟೋನು? ಒಂದ್ ಎಮ್ಮೆಗೆ ಎಷ್ಟು ಜ್ವರ ಅಂತ ಕೇಳುದ್ರೆ, 'ಜ್ವರ ಕಮ್ಮಿ ಸಾ, ಆದ್ರೆ ಕೊಂಬು ಲಕ್ಷಣವಾಗವೆ' ಅಂದಂಗಾಯ್ತು."

ಆ ಜಗಳದಲ್ಲಿ ತಿರುವು ತಪ್ಪಿತು. ಹತ್ತು ನಿಮಿಷದ ಮೇಲೆ ನೋಡಿದರೆ ನಾಲೆ ಏರಿಯ ಮೇಲಿದ್ದೇವೆ. ಒಂದು ಕಡೆ ಕಬ್ಬಿನ ಗದ್ದೆಯ ಇಳಿಜಾರು, ಇನ್ನೊಂದು ಕಡೆ ತುಂಬಿ ಹರಿಯುವ ನಾಲೆ. ದಾರಿ ಬರಬರುತ್ತಾ ಎತ್ತಿನ ಗಾಡಿಗೆ ಮಾತ್ರ ಸಾಲುವಷ್ಟಾಯಿತು. ಒಂದು ಕಡೆ ಏರಿ ಸ್ವಲ್ಪ ಅಗಲ ಇತ್ತು. ಅಲ್ಲೇ ತಿರುಗಿಸೋಣ ಎಂದ. ನಾನು ಇಳಿದು ಹಿಂದೆ, ನಾಲೆಯ ಅಂಚಿನಲ್ಲಿ ಒಂದು ಪಕ್ಕಕ್ಕೆ ನಿಂತೆ.

ನಮ್ಮಲ್ಲಿ ಕಾರು ರಿವರ್ಸ್ ತೆಗೆಯುವ ಪದ್ಧತಿ ನಿಮಗೆ ಗೊತ್ತಲ್ಲ? ಓಡಿಸುವವನಿಗೆ ಹಿಂದಿನದು ಕಾಣುವುದಿಲ್ಲ. ಕೆಳಗೆ ನಿಂತವನಿಗೆ ಎಲ್ಲ ಕಾಣುತ್ತದೆ. ಅವನು ಏನು ಮಾಡಬೇಕು? ಎಷ್ಟು ಜಾಗ ಇದೆ ಎಂದು ಹೇಳಬೇಕು. ಏನು ಮಾಡುತ್ತಾನೆ? ಕೈ ಬೀಸುತ್ತಾ "ಬರ್ಲಿ, ಬರ್ಲಿ, ಬರ್ಲಿ" ಅನ್ನುತ್ತಾನೆ. ಡಬ್ ಎಂದು ಶಬ್ದವಾದ ಮೇಲೆ "ಸಾಕು" ಅನ್ನುತ್ತಾನೆ. ಮದುವೆ ಮನೆಯಲ್ಲಿ ಪಾಯಸ ಬಡಿಸುವ ಉದಾರ ಬುದ್ಧಿಯನ್ನೇ ನಾವು ವಾಹನಗಳಿಗೂ ತೋರಿಸುತ್ತೇವೆ.

ನಾನೂ ಹಾಗೇ ಮಾಡಿದೆ. ಚೆಲುವರಾಜುವಿನ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಅವನನ್ನು ಹೇಗಾದರೂ ಖುಷಿಪಡಿಸಬೇಕು ಅನಿಸಿತ್ತು. ಬರ್ಲಿ, ಬೇಕಾದಷ್ಟು ಜಾಗ ಇದೆ ಎಂದೆ.

ಏರಿಯ ಅಂಚಿನಲ್ಲಿ ಒಬ್ಬಾಕೆ ಹುಲ್ಲು ಕುಯ್ಯುತ್ತಿದ್ದಳು. ಅರವತ್ತು ದಾಟಿದ ಮುದುಕಿ. (ಹೆಸರು ಸಾಕಮ್ಮ ಎಂದು ಆಮೇಲೆ ಗೊತ್ತಾಯಿತು.) ಕುಡುಗೋಲು ಹಿಡಿದೇ ತಲೆ ಎತ್ತಿ ನೋಡಿದಳು. ಅವಳಿದ್ದ ಕಡೆಯಿಂದ ಹಿಂದಿನ ಚಕ್ರ ಸರಿಯಾಗಿ ಕಾಣುತ್ತಿತ್ತು.

"ಮೊಳ ಅದೆ ಕಣಪ್ಪಾ," ಎಂದಳು.

ನಾನು ಬರ್ಲಿ ಎಂದೆ.

"ಗೇಣಾಯ್ತು."

ಬರ್ಲಿ.

"ನಾಕ್ ಬೆಟ್ಟು. ನಿಲ್ಸ್ರಪ್ಪಾ ಸಾಕು."

ನಾಲ್ಕು ಬೆರಳಿನ ಜಾಗ. ಅವಳ ಮಾತು ನನ್ನ ತಲೆಗೆ ಇಳಿಯುವ ಹೊತ್ತಿಗೆ ನನ್ನ ಬಾಯಿಂದ ಇನ್ನೊಂದು "ಬರ್ಲಿ" ಹೊರಟುಹೋಗಿತ್ತು. ಚೆಲುವರಾಜು ಕನ್ನಡಿ ನೋಡಲಿಲ್ಲ. ನಾನಿದ್ದೆನಲ್ಲ.

ಆಮೇಲಿನದು ಈಗಲೂ ಕಣ್ಣ ಮುಂದೆ ಬರುತ್ತದೆ. ಕಾಫಿ ಕುಡಿಯುವಾಗ, ಬೋರ್ಡ್ ಮೇಲೆ ಬರೆಯುವಾಗ, ಬಸ್ ಸ್ಟ್ಯಾಂಡಿನಲ್ಲಿ ಯಾವುದಾದರೂ ಬಸ್ಸು ಹಿಂದಕ್ಕೆ ಸರಿದರೆ. ಒದ್ದೆ ಮಣ್ಣು ಬ್ರೆಡ್ಡಿನ ಅಂಚಿನ ಹಾಗೆ ಸದ್ದಿಲ್ಲದೆ ಕಳಚಿಕೊಂಡಿತು. ಎರಡೂ ಹಿಂದಿನ ಚಕ್ರ ಅಂಚು ದಾಟಿದವು. ಕಾರಿನ ಹೊಟ್ಟೆ ಏರಿಗೆ ತಗುಲಿ ನಿಂತಿತು. ಮೂತಿ ಮೇಲೆದ್ದಿತು. ಕಿಟಕಿಯಲ್ಲಿ ಚೆಲುವರಾಜುವಿನ ಮುಖ. ಕೆಳಗೆ ಕಂದು ನೀರು ಒಂದು ಬಾಳೆದಿಂಡನ್ನು ಎಳೆದುಕೊಂಡು ಓಡುತ್ತಿತ್ತು. ಮನುಷ್ಯ ಓಡುವಷ್ಟು ವೇಗ.

ಚೆಲುವರಾಜುವಿಗೆ ಈಜು ಬರುವುದಿಲ್ಲ. ಹಿಂದೊಮ್ಮೆ ಪಾಲಹಳ್ಳಿ ಹತ್ತಿರ ಹೊಳೆಗೆ ಇಳಿ ಎಂದು ನಾವು ಚುಡಾಯಿಸಿದಾಗ, ನಮ್ಮೂರಲ್ಲಿ ಕುಡಿಯಕ್ಕೇ ನೀರಿಲ್ಲ, ಈಜೋದು ಎಲ್ಲಿ ಕಲೀಲಿ ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದೆವು. ಈಗ ಆ ಮಾತು ನೆನಪಾಯಿತು.

ಅವನು ಬಾಗಿಲಿಗೆ ಕೈ ಹಾಕಿದ. ಕಾರು ತೊಟ್ಟಿಲಿನಂತೆ ಒಮ್ಮೆ ತೂಗಿತು.

"ಅಳ್ಳಾಡ್ಬೇಡ ಮಗಾ, ಅಂಗೇ ಕುಂತಿರು," ಎಂದಳು ಸಾಕಮ್ಮ. ಕುಡುಗೋಲು ಎಸೆದು ಎರಡು ಕಲ್ಲು ತಂದು ಮುಂದಿನ ಚಕ್ರಗಳ ಹಿಂದೆ ಇಟ್ಟಳು. ನಾನು ನಿಂತೇ ಇದ್ದೆ. ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಫಿಸಿಕ್ಸ್ ಪಾಠ ಮಾಡುವವನು ನಾನು. ಗುರುತ್ವ ಕೇಂದ್ರ ಎಂದರೆ ಏನು ಎಂದು ಚಿತ್ರ ಬರೆದು ತೋರಿಸುವವನು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮುಂದಕ್ಕೆ ಹೋಗಿ ಕಾರಿನ ಮೂತಿ ಮೇಲೆ ಕೂತುಕೋ, ಭಾರ ಆಗಲಿ ಎಂದಳು.

ಕೂತೆ. ಮೂತಿ ಒಂದು ಗೇಣು ಇಳಿಯಿತು. ಈಗ ಇಳಿ ಎಂದು ಚೆಲುವರಾಜುವಿಗೆ ಕೈ ಮಾಡಿದೆ.

ಅವನು ಇಳಿಯಲಿಲ್ಲ. ಸ್ಟೇರಿಂಗ್ ಬಿಗಿಯಾಗಿ ಹಿಡಿದುಕೊಂಡು ಗಾಜಿನ ಆಚೆಯಿಂದ ನನ್ನನ್ನೇ ನೋಡಿದ. ಅವನ ಲೆಕ್ಕ ನನಗೆ ಅರ್ಥವಾಯಿತು. ಅವನು ಎಂಬತ್ತು ಕೆಜಿ. ಅವನು ಇಳಿದರೆ ಆ ಎಂಬತ್ತು ಹೋಗುತ್ತದೆ. ಅದಕ್ಕಿಂತ ಹೆಚ್ಚು ನಾನಿದ್ದರೆ ಸರಿ. ನಾನು ಎಷ್ಟು? ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು ಎಪ್ಪತ್ತೈದು. ಅವನನ್ನು ದಪ್ಪ ಎಂದು ಹಂಗಿಸುವಾಗಲೆಲ್ಲ ಹೇಳಿದ ಎಪ್ಪತ್ತೈದು.

"ಲೇ," ಎಂದ ಕಿಟಕಿಯಿಂದ. ದನಿ ತೆಳ್ಳಗಿತ್ತು. "ಈಗಾದ್ರೂ ನಿಜ ಹೇಳ್ಲಾ. ಎಷ್ಟಿದ್ದೀಯ?"

ನನ್ನ ಪರ್ಸಿನಲ್ಲಿ ಒಂದು ಪುಟ್ಟ ರಟ್ಟಿನ ಚೀಟಿ ಇತ್ತು. ಪಾಂಡವಪುರ ರೈಲ್ವೆ ಸ್ಟೇಷನ್ನಿನಲ್ಲಿ ಬಣ್ಣದ ದೀಪ ಮಿಣುಕಿಸುವ ತೂಕದ ಯಂತ್ರವಿದೆಯಲ್ಲ, ಅದು ಎರಡು ವಾರದ ಹಿಂದೆ ಉಗುಳಿದ್ದು. ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯ. ಹೆಂಡತಿಗೆ ಕಾಣದಂತೆ ಮಡಚಿ ಇಟ್ಟಿದ್ದೆ.

"ಎಂಬತ್ತಾರೂವರೆ," ಎಂದೆ.

ಅರ್ಧ ಕೆಜಿಯನ್ನೂ ಬಿಡಲಿಲ್ಲ, ಗಮನಿಸಿ.

"ಮೂಟೆಗೂ ಮ್ಯಾಲೇ ಅವ್ನೆ ಬುಡು," ಎಂದಳು ಸಾಕಮ್ಮ, ಭತ್ತದ ಲೆಕ್ಕದಲ್ಲಿ.

ಚೆಲುವರಾಜು ಬಾಗಿಲು ತೆರೆದ. ಒಂದು ಕಾಲು ಇಟ್ಟ. ಕಾರು ಒಮ್ಮೆ ನರಳಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವನು ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ನೆಲ ಹಿಡಿದುಕೊಂಡಿದ್ದ.

(ಮನೆಗೆ ಬಂದು ಲೆಕ್ಕ ಹಾಕಿದೆ. ಬಾನೆಟ್ ಅವನ ಸೀಟಿಗಿಂತ ಇನ್ನೂ ಮುಂದೆ ಇರುವುದರಿಂದ ಅರವತ್ತು ಕೆಜಿ ಇದ್ದಿದ್ದರೂ ಸಾಕಾಗುತ್ತಿತ್ತು. ಈ ಸಂಗತಿಯನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ.)

ಜೀವ ಉಳಿಯಿತು. ಇನ್ನು ಕಾರು ಉಳಿಯಬೇಕಿತ್ತು. ನಾನು ಕೂತೇ ಇದ್ದೆ. ಮನುಷ್ಯ ಸಾರ್ವಜನಿಕವಾಗಿ ತನ್ನ ನಿಜವಾದ ತೂಕದಲ್ಲಿ ಕೂತರೆ ಎಷ್ಟು ಜನ ಸೇರುತ್ತಾರೆ ಎಂದು ಅವತ್ತು ಗೊತ್ತಾಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ, ಗಾಳಿ ತಗೋತಾ ಇದ್ದೀರಾ ಸಾರ್ ಎಂದು ಕೇಳಿದ. ಮೊಪೆಡ್ಡಿನಲ್ಲಿ ಬಂದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಹಾಲಿನ ಡೈರಿಯ ಸೆಕ್ರೆಟರಿ. ಇಳಿದು ಗಂಭೀರವಾಗಿ ಕೈ ಮುಗಿದ. ಕಾರಿನ ಹಿಂಬದಿ ನೋಡಿದ, ಮುಂಬದಿ ನೋಡಿದ.

"ಸೆಂಟರ್ ಆಫ್ ಗ್ರಾವಿಟಿನಾ ಸಾರ್?"

ಹೌದು ಎಂದೆ. ಅವನೇ ಹೋಗಿ ಟ್ರಾಕ್ಟರು ಕರೆತಂದ. ಹಗ್ಗ ಕಟ್ಟಿ ಎಳೆದರು. ಬಾನೆಟ್ಟಿನ ಮೇಲೆ ನನ್ನ ಎಂಬತ್ತಾರೂವರೆ ಕೆಜಿಯ ಗುರುತು ಒಂದು ತಗ್ಗಾಗಿ ಉಳಿಯಿತು. ಚೆಲುವರಾಜು ಅದನ್ನು ಸರಿಮಾಡಿಸುವುದಿಲ್ಲವಂತೆ. ಇರಲಿ, ಸರ್ಟಿಫಿಕೇಟು ಅನ್ನುತ್ತಾನೆ.

ಸಾಕಮ್ಮ ಹುಲ್ಲಿನ ಹೊರೆ ತಲೆಗೇರಿಸಿಕೊಂಡು ಹೊರಡುವಾಗ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. "ಇರೋದ ಇದ್ದಂಗೆ ಹೇಳಕ್ಕೇನಪ್ಪ ಕಷ್ಟ?" ಎಂದಳಷ್ಟೇ. ಕೇಳಿದ ರೀತಿಯಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು.

ನನಗೂ. ಏನು ಕಷ್ಟ? ನೆಂಟರು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ "ಈಗ ಬಂದೇ ಬರ್ತದೆ" ಅನ್ನುತ್ತೇವೆ. ಮಗ ಹೇಗೆ ಓದುತ್ತಾನೆ ಎಂದರೆ "ಪರವಾಗಿಲ್ಲ". ಎದೆ ನೋವು ಎಷ್ಟು ದಿನದಿಂದ ಎಂದು ಡಾಕ್ಟರ್ ಕೇಳಿದರೆ "ಮೊನ್ನೆಯಿಂದ ಸ್ವಲ್ಪ". ಕೆಲವರು ಎರಡು ಸೇರಿಸುತ್ತೇವೆ, ಕೆಲವರು ಎರಡು ಕಳೆಯುತ್ತೇವೆ. ಎದುರಿಗಿರುವವನು ನಮ್ಮ ಮಾತಿನ ಮೇಲೆ ತನ್ನ ಆಟ ಕಟ್ಟುತ್ತಾನೆ ಎನ್ನುವುದನ್ನು ಮಾತ್ರ ಮರೆಯುತ್ತೇವೆ. ಬ್ರಿಜ್ ಆಡದ ಆ ಮುದುಕಿಯ ಹರಾಜಿನ ಕೂಗು ನೋಡಿ: ಮೊಳ, ಗೇಣು, ನಾಲ್ಕು ಬೆಟ್ಟು. ಹೆಚ್ಚಿಲ್ಲ, ಕಮ್ಮಿಯಿಲ್ಲ.

ಮೊನ್ನೆ ಭಾನುವಾರ ಮತ್ತೆ ಕೆ.ಆರ್. ಪೇಟೆಗೆ ಹೋದೆವು. (ಬಸ್ಸಿನಲ್ಲಿ.) ಮೂರನೇ ಆಟಕ್ಕೆ ನನ್ನ ಕೈಗೆ ಬಂದದ್ದು ಹದಿಮೂರು ಪಾಯಿಂಟು, ಮತ್ತೆ ಎರಡು ಹತ್ತು. ನಾಲಿಗೆ ತುದಿಗೆ ನೋ ಟ್ರಂಪ್ ಬಂತು. ನುಂಗಿದೆ. "ಒಂದು ಕಳಾವರ್" ಎಂದೆ. ಹದಿಮೂರಕ್ಕೆ ಸರಿಯಾದ ಮಾತು ಅದು. ಚೆಲುವರಾಜು ಎಲೆಗಳ ಮೇಲಿಂದ ನನ್ನನ್ನು ಒಂದು ಕ್ಷಣ ಜಾಸ್ತಿಯೇ ನೋಡಿದ. ಸಣ್ಣ ಆಟಕ್ಕೆ ನಿಲ್ಲಿಸಿದೆವು. ಗೆದ್ದೆವು. ಡಾಕ್ಟರಮ್ಮ ನಿಪ್ಪಟ್ಟಿನ ತಟ್ಟೆಯನ್ನು ತಮ್ಮ ಗಂಡನ ಕಡೆ ತಳ್ಳಿದರು.

ಬಸ್ಸಿನಲ್ಲಿ ವಾಪಸು ಬರುವಾಗ, ಒಂದು ವಾರದಿಂದ ಕೇಳಬೇಕು ಅಂದುಕೊಂಡಿದ್ದನ್ನು ಕೇಳಿಯೇ ಬಿಟ್ಟೆ. ಸಾಕಮ್ಮ ಅಷ್ಟು ಜೋರಾಗಿ ಗೇಣು, ಬೆಟ್ಟು ಎಂದು ಕೂಗುತ್ತಿದ್ದಳಲ್ಲ, ನಿನಗೆ ಕೇಳಿಸಲಿಲ್ಲವಾ?

ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ.

"ಕೇಳುಸ್ತು ಕಣ್ಲಾ. ಆದ್ರೆ ನನ್ನ ಪಾರ್ಟ್ನರು ನೀನಲ್ವಾ?"

ನಿಮ್ಮ ಮಾತು ನಂಬಿ, ಕನ್ನಡಿ ನೋಡದೆ ಹಿಂದಕ್ಕೆ ಬರುತ್ತಿರುವವರು ಎಷ್ಟು ಜನ, ಎಣಿಸಿದ್ದೀರಾ?