ಅಪ್ಪನ ದೊಡ್ಡ ಇಂಗ್ಲಿಷ್ ಪದಗಳು

ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು "ಎಕ್ಸ್‌ಟೆನ್ಸಿವ್" ಎಂದರು. ಅಪ್ಪನ ಶ್ವಾಸಕೋಶಕ್ಕೆ ಆಗಿರುವ ಹಾನಿಯ ಬಗ್ಗೆ ಹೇಳಿದ ಮಾತು ಅದು. ಅಪ್ಪ ಇನ್ನೂ ಪರದೆಯ ಹಿಂದಿನ ಕೋಣೆಯಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದರು, ಅವರಿಗೆ ಕೇಳಿಸಲಿಲ್ಲ. ನಾನು ಏನೂ ಕೇಳದೆ ತಲೆಯಾಡಿಸಿ ಹೊರಗೆ ಬಂದೆ. ಕ್ಲಿನಿಕ್ಕಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಆ ಪದದ ಸಮಾನಾರ್ಥಗಳನ್ನು ಹುಡುಕತೊಡಗಿದೆ. ಬುದ್ಧಿ ನೆಟ್ಟಗಿರುವವರು ಇಂಥ ಹೊತ್ತಿನಲ್ಲಿ ಮಾಡುವ ಕೆಲಸವೇ ಇದು, ನೀವೇ ಹೇಳಿ. ವೈಡ್‌ಸ್ಪ್ರೆಡ್ ಎಂದು ಬಂತು. ಆಮೇಲೆ ಫಾರ್-ರೀಚಿಂಗ್, ಸ್ವೀಪಿಂಗ್, ವಾಸ್ಟ್. ನಾನು ಬೆರಳು ಸರಿಸಿದಷ್ಟೂ ಅಪ್ಪನ ಕಾಯಿಲೆ ದೊಡ್ಡದಾಗುತ್ತ ಹೋಯಿತು.

ಹಾಗೆ ನೋಡಿದರೆ ಈ ಪದಗಳೆಲ್ಲ ನನಗೆ ನೆಂಟರಿದ್ದ ಹಾಗೆ. ಕಸ್ಬಾ ಬಡಾವಣೆಯ ಆಫೀಸಿನಲ್ಲಿ ನನ್ನ ಕೆಲಸವೇ ಬ್ರೋಶರು ಬರೆಯುವುದು. ನಮ್ಮ ಅನುಭವ ಎಕ್ಸ್‌ಟೆನ್ಸಿವ್, ನಮ್ಮ ಸೇವೆ ಕಾಂಪ್ರಿಹೆನ್ಸಿವ್, ನಮ್ಮ ನೋಟ ವೈಡ್-ರೇಂಜಿಂಗ್ ಎಂದು ದಿನವಿಡೀ ಟೈಪು ಮಾಡುತ್ತೇನೆ. ಅಲ್ಲಿ ಅವುಗಳಿಂದ ಯಾರಿಗೂ ಏನೂ ಆಗುವುದಿಲ್ಲ, ಏಕೆಂದರೆ ಯಾರೂ ಓದುವುದಿಲ್ಲ. ಅದೇ ಪದ ಹೆತ್ತ ಅಪ್ಪನ ಎದೆಯೊಳಗೆ ಹೊಕ್ಕು ಕೂತಾಗ ಎಷ್ಟು ಜಾಗ ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನನಗೆ ಈ ಹುಚ್ಚು ಹಿಡಿಸಿದವರೂ ಅಪ್ಪನೇ. ಉಡುಪಿ ಕಡೆಯಿಂದ ಬಂಗಾಳಕ್ಕೆ ಬಂದು ಜಾದವ್‌ಪುರ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಸಣ್ಣ ಹೋಟೆಲು ಇಟ್ಟವರು. ಮದುವೆ ಮುಂಜಿಗೆ ಅಡುಗೆಯನ್ನೂ ಒಪ್ಪಿಕೊಳ್ಳುತ್ತಿದ್ದರು. ಬಂಗಾಳಿ ಹೊಸ ವರ್ಷಕ್ಕೆ ಇಡೀ ಗಲ್ಲಿಯೇ ಅಂಗಡಿ ತೊಳೆದು ಬಣ್ಣ ಬಳಿದುಕೊಂಡರೆ ಅಪ್ಪ ಬೋರ್ಡು ಹೊಸದಾಗಿ ಬರೆಸುತ್ತಿದ್ದರು. ಹೋಟೆಲಿನ ಹೆಸರು ಅದೇ, ಇಡ್ಲಿಯೂ ಅದೇ. 'ಕೇಟರಿಂಗ್' ಎಂಬುದರ ಹಿಂದಿನ ಇಂಗ್ಲಿಷ್ ಪದ ಮಾತ್ರ ವರ್ಷವರ್ಷವೂ ಇನ್ನಷ್ಟು ದೊಡ್ಡದಾಗಬೇಕು. ಶಾಲೆಯ ಡಿಕ್ಷನರಿಯೊಂದಿಗೆ ನನ್ನನ್ನು ಗಲ್ಲಾದ ಪಕ್ಕ ಕೂರಿಸಿಕೊಂಡು, ಪಾತ್ರೆ ಅಂಗಡಿಯಲ್ಲಿ ಕೊಪ್ಪರಿಗೆ ಆರಿಸುವವರಂತೆ ಕೇಳುತ್ತಿದ್ದರು.

"ಸರಿ ನೋಡಿ ಹೇಳು ಮಾರಾಯ್ತಿ. ಎಕ್ಸ್‌ಟೆನ್ಸಿವ್ ದೊಡ್ಡದಾ, ಕಾಂಪ್ರಿಹೆನ್ಸಿವ್ ದೊಡ್ಡದಾ?"

"ಒಂದು ತುಂಬಾ ದೂರ ಹೋಗುತ್ತೆ. ಇನ್ನೊಂದು ಎಲ್ಲವನ್ನೂ ಒಳಗೆ ಸೇರಿಸ್ಕೊಳ್ಳುತ್ತೆ ಅಂತ ಬರೆದಿದೆ, ಅಪ್ಪ."

"ಎಲ್ಲವನ್ನೂ? ಹಾಗಾದ್ರೆ ಅದೇ ಇರ್ಲಿ."

"ನಾನು ಅಡುಗೆಮನೆ ಒಳಗೆ ಬರ್ಬೇಕಾದ್ರೆ ನೀವು ಹೊರಗೆ ಹೋಗ್ಬೇಕು. ಅಷ್ಟು ಜಾಗ ಉಂಟು ನಮ್ಗೆ," ಎಂದು ಅಮ್ಮ ಒಳಗಿನಿಂದ ಹೇಳಿದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಬೋರ್ಡಿನ ಬಣ್ಣ ಒಣಗಿ ಸ್ವಲ್ಪ ದಿನವಾಗಿತ್ತು. ದಿನಾ ನಮ್ಮಲ್ಲಿ ದೋಸೆ ತಿನ್ನುತ್ತಿದ್ದ ಕಾಲೇಜು ಮೇಷ್ಟರೊಬ್ಬರು ಮಗಳ ಮದುವೆಯ ದಿನ ಮಧ್ಯಾಹ್ನದ ಊಟಕ್ಕೆ ಅಪ್ಪನನ್ನು ಗೊತ್ತು ಮಾಡಿದರು. ರಾತ್ರಿಯ ಊಟ ಬೇರೆಯವರದು. ಏನೇನು ಮಾಡಲಿ ಎಂದು ಅಪ್ಪ ಕೇಳಿದ್ದಕ್ಕೆ ಮೇಷ್ಟರು ಬೋರ್ಡು ತೋರಿಸಿ ನಕ್ಕರಂತೆ. ಕಾಂಪ್ರಿಹೆನ್ಸಿವ್ ಎಂದು ನೀವೇ ಬರೆದ ಮೇಲೆ ನಾನು ಹೇಳುವುದೇನಿದೆ ಎಂದರಂತೆ. ಉಡುಪಿ ಹೋಟೆಲು ಎಂದ ಮೇಲೆ ಹೇಳಬೇಕೇ ಎಂದು ಅಪ್ಪ ಅಂದುಕೊಂಡರು. ಮದುವೆಮನೆ ಎಂದ ಮೇಲೆ ಹೇಳಬೇಕೇ ಎಂದು ಅವರು.

ಮದುವೆಯ ಬೆಳಿಗ್ಗೆ ವರನ ಮನೆಯಿಂದ ವಧುವಿನ ಮನೆಗೆ ಅರಿಸಿನ, ಸೀರೆ, ಸಂದೇಶ್ ಎಂಬ ಸಿಹಿತಿಂಡಿಯ ತಟ್ಟೆಗಳ ಜೊತೆ ಒಂದು ದೊಡ್ಡ ರುಯಿ ಮೀನು ಬರುತ್ತದೆ. ಈ ಊರಿನ ಪದ್ಧತಿ ಅದು. ಅಪ್ಪನ ಜೊತೆ ನಾನೂ ಆ ಮನೆಗೆ ಹೋಗಿದ್ದೆ. ಆ ಮೀನಿಗೆ ಕೆಂಪು ಸೀರೆ ಉಡಿಸಿ, ಹಣೆಗೆ ಬೊಟ್ಟಿಟ್ಟಿದ್ದರು. ಎಲ್ಲರೂ ನೋಡಿ ಹೊಗಳಿದ ಮೇಲೆ ಮೇಷ್ಟರು ಅದನ್ನು ತಟ್ಟೆ ಸಮೇತ ತಂದು ಅಪ್ಪ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಒಲೆಯ ಪಕ್ಕ ಇಟ್ಟರು. ಇದನ್ನು ಸಾಸಿವೆ ಅರೆದು ಮಾಡಿಬಿಡಿ, ತಂದ ಬೀಗರೂ ಊಟಕ್ಕೆ ನಿಲ್ಲುತ್ತಾರೆ ಎಂದರು.

ಅಪ್ಪನ ಕೈಯ ಸೌಟು ಹಾಗೇ ನಿಂತಿತು. ನಮ್ಮ ಅಡುಗೆಮನೆಗೆ ಈರುಳ್ಳಿ ಬರುವುದಕ್ಕೂ ಅಜ್ಜಿ ಕಣ್ಮುಚ್ಚಬೇಕಾಗಿತ್ತು. ಈ ಮೀನು ಮುಟ್ಟಿದರೆ ಅಪ್ಪನನ್ನು ಪೂಜೆಯ ಅಡುಗೆಗೆ ಕರೆಯುವ, ಇಲ್ಲಿರುವ ನಮ್ಮೂರಿನವರು ಮತ್ತೆ ಕರೆಯುವುದಿಲ್ಲ. ಮುಟ್ಟದಿದ್ದರೆ ಮುಂದಿನ ಕೋಣೆಯಲ್ಲಿ ಕೂತ ಬೀಗರಿಗೆ ಅವಮಾನ. ತಮ್ಮ ಮೀನು ಬೇಯದೆ ಉಳಿಯಿತೆಂದು ಅವರು ಎದ್ದು ಹೋದರೆ? ನನಗಂತೂ ಮದುವೆ ನಿಂತೇಹೋಯಿತು ಎನಿಸಿತು. ಸೀರೆ ಉಟ್ಟ ಮೀನು ನನ್ನನ್ನೇ ನೋಡುತ್ತಿತ್ತು.

"ದಾದಾ, ನನ್ನಿಂದಾಗುವುದಿಲ್ಲ," ಎಂದರು ಅಪ್ಪ, ತಮ್ಮ ಹರಕು ಬಂಗಾಳಿಯಲ್ಲಿ. "ಬೋರ್ಡು ನನ್ನ ಅಡುಗೆಮನೆಗಿಂತ ದೊಡ್ಡದಾಯಿತು."

ಮೇಷ್ಟರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವುದರೊಳಗೆ ಅವರ ಅಕ್ಕ, ಮನೆಯವರೆಲ್ಲ ಪಿಶಿ ಎಂದು ಕರೆಯುತ್ತಿದ್ದ ದಪ್ಪನೆಯ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ತಟ್ಟೆ ಎತ್ತಿಕೊಂಡರು. ಬಂಗಾಳಿಗಳ ಮನೆಯಲ್ಲಿ ಮೀನು ಬೇಯಿಸಲು ಮದ್ರಾಸಿ ಬೇಕೇನೋ ಎಂದು ತಮ್ಮನನ್ನು ಗದರಿ, ತಾರಸಿಯ ಮೆಟ್ಟಿಲು ಹತ್ತಿದರು. ಅಪ್ಪ ನಮ್ಮ ಹೆಚ್ಚಿನ ಒಲೆಯನ್ನು ಹೊತ್ತು ಅವರ ಹಿಂದೆಯೇ ಓಡಿದರು. ಮೀನು ಬೇಯಿಸಿದ ಆ ಒಲೆ ಮತ್ತೆ ಮನೆಗೆ ಬರಲಿಲ್ಲ. ಪಿಶಿಗೆ ಉಡುಗೊರೆ ಕೊಟ್ಟೆ ಎಂದು ಅಪ್ಪ ಅಮ್ಮನಿಗೆ ಹೇಳಿದರು.

ಮೇಲಿನಿಂದ ಸಾಸಿವೆ ಎಣ್ಣೆಯ ಘಾಟು ಇಳಿಯುತ್ತಿದ್ದರೆ ಕೆಳಗೆ ಅಪ್ಪ ಸಾರಿನ ಬಕೆಟ್ಟು ಹಿಡಿದು ಪಂಕ್ತಿಯ ನಡುವೆ ಬಾಗಿ ಬಾಗಿ "ಆರ್?" ಎನ್ನುತ್ತಿದ್ದರು. ಬಂಗಾಳಿಯಲ್ಲಿ ಇನ್ನೂ ಬೇಕೇ, ಮತ್ತೇನು ಎಂದೆಲ್ಲ ಅರ್ಥ. ಬೀಗರು ಮೀನು ತಿಂದು ಬೆರಳು ಚೀಪುವವರೆಗೂ ಅಪ್ಪ ಬಕೆಟ್ಟು ಕೆಳಗಿಡಲಿಲ್ಲ.

ಮಾರನೆಯ ದಿನವೇ ಬೋರ್ಡಿನ ಆ ಪದವನ್ನು ಕೆರೆದು ತೆಗೆಸಿದರು. ಅಲ್ಲಿಂದ ಮುಂದೆ ಅಡುಗೆಗೆ ಕೇಳಿಬಂದವರನ್ನೆಲ್ಲ ಕೂರಿಸಿ, ಮೊದಲು ನಮ್ಮಲ್ಲಿ ಏನಿಲ್ಲ ಎಂಬುದನ್ನು ಹೇಳಿ ಮುಗಿಸುತ್ತಿದ್ದರು. ಮೀನಿಲ್ಲ, ಮೊಟ್ಟೆಯಿಲ್ಲ, ಗಡಿಬಿಡಿಯಿಲ್ಲ. ಎಲ್ಲಾ ಉಂಟು ಎಂದವರ ಹತ್ತಿರ ಎಂತ ಇಲ್ಲ ಅಂತ ಕೇಳು ಎಂದು ನನಗೂ ಹೇಳುತ್ತಿದ್ದರು. ವ್ಯಾಪಾರದ ಲಕ್ಷಣವಲ್ಲ ಎಂದು ನಾನು ನಗುತ್ತಿದ್ದೆ.

"ಎಂತ ಹೇಳಿದ್ರು?"

ಮೊಬೈಲಿನಿಂದ ತಲೆಯೆತ್ತಿದೆ. ಅಪ್ಪ ಹೊರಗೆ ಬಂದಿದ್ದರು, ಅಂಗಿಯ ಗುಂಡಿಗಳು ಒಂದಕ್ಕೊಂದು ತಪ್ಪಿದ್ದವು. ಸೌದೆ, ಇದ್ದಿಲ ಹೊಗೆಯನ್ನು ಒಂದು ಜನ್ಮವಿಡೀ ಕುಡಿದ ಎದೆ ಏರಿ ಇಳಿಯುತ್ತಿತ್ತು. ಸಣ್ಣದೊಂದು ಪದಕ್ಕಾಗಿ ತಡಕಾಡಿದೆ. ಸಿಗಲಿಲ್ಲ.

"ಎಕ್ಸ್‌ಟೆನ್ಸಿವ್ ಅಂದ್ರು, ಅಪ್ಪ."

ಅವರು ಪಕ್ಕದಲ್ಲಿ ಕೂತು ಉಸಿರು ಸುಧಾರಿಸಿಕೊಂಡರು. ದೊಡ್ಡದಾ ಎಂದು ಕೇಳಿದರೆ ಏನು ಹೇಳಲಿ ಎಂದು ನಾನು ಹೆದರಿ ಕೂತಿದ್ದೆ.

"ಅದ್ರಲ್ಲಿ ಎಂತ ಸೇರ್ಲಿಲ್ಲ ಅಂತ ಕೇಳಿದ್ಯಾ?"

"ಇಲ್ಲ."

"ಹಾಗಾದ್ರೆ ಬಾ."

ಈ ಸಲ ಬಾಗಿಲು ತಟ್ಟಿದವಳು ನಾನು. ಕೇಳಿದವಳೂ ನಾನೇ. ಡಾಕ್ಟರು ಹುಬ್ಬು ಗಂಟಿಕ್ಕಿದರು. ಆಮೇಲೆ ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿದು, ಮೊದಲ ಸಲಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಹಾರ್ಟ್," ಎಂದರು. "ಹಾರ್ಟ್ ಚೆನ್ನಾಗಿದೆ."

ಅಪ್ಪ ಮೇಜಿನ ಅಂಚು ಹಿಡಿದು, ಪಂಕ್ತಿಯ ನಡುವೆ ಬಾಗುವಂತೆ ಸ್ವಲ್ಪ ಬಾಗಿ, "ಆರ್?" ಎಂದರು.