ನಾಯಿಯ ಮೂತಿ, ಕೋಳಿಯ ರೆಕ್ಕೆ

ಹೆಂಡತಿ ತೀರಿಕೊಂಡ ಮೇಲೆ ಅವಳು ಸಾಕಿದ ಕೋಳಿಗಳಲ್ಲಿ ಒಂದೇ ಉಳಿದಿತ್ತು. ಹರಿಹರದಲ್ಲಿ ನಮ್ಮ ಪಕ್ಕದ ಮನೆಯವರ ನಾಯಿ ಹಿತ್ತಲಿಗೆ ನುಗ್ಗಿ ಅದರ ರೆಕ್ಕೆ ಹರಿದು ಹಾಕಿತು. ರಕ್ತ ನಿಲ್ಲಲಿಲ್ಲ. ಅರಿಶಿನ ಒತ್ತಿ, ಬುಟ್ಟಿಯಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಹೋದೆ.

ನನಗಿಂತ ಮೊದಲೇ ಆ ನಾಯಿ ಅಲ್ಲಿ ಮೇಜಿನ ಮೇಲೆ ಕೂತಿತ್ತು. ಕೋಳಿ ಅದರ ಮೂತಿಗೆ ಕುಕ್ಕಿತ್ತಂತೆ. ನಾಯಿಯ ಯಜಮಾನರು ನನ್ನನ್ನೇ ಕೇಳಿದರು, "ನಿಮ್ ಕೋಳಿಗೆ ರೋಗ ಗೀಗ ಏನಿಲ್ಲ ಅಲ್ರಿ? ನಮ್ ರಾಜಾ ಭಾಳ ಸೂಕ್ಷ್ಮ ಐತೆ."

"ಕಚ್ಚೋ ಮುಂಚೆ ಕೇಳ್ಬೇಕಿತ್ತಲ್ರಿ ನಿಮ್ ರಾಜಾ," ಅಂದೆ.

ಡಾಕ್ಟರು ನಾಯಿಯ ಮೂತಿ ಮೇಲಿನ ಸಾಸಿವೆಕಾಳಿನಷ್ಟು ಗಾಯ ತೊಳೆದು, ಮುಲಾಮು ಹಚ್ಚಿ, ಇಂಜೆಕ್ಷನ್ನೂ ಕೊಟ್ಟರು. ಆಮೇಲೆ ನನ್ನ ಬುಟ್ಟಿಯೊಳಗೆ ಇಣುಕಿ, "ಇದಕ್ಕೇನ್ ಹೊಲಿಗೆ ಹಾಕೋದು ಯಜಮಾನ್ರೆ? ಸಾರು ಮಾಡ್ರಿ," ಅಂದರು.

"ನಮ್ಮಾಕಿ ಸಾಕಿದ್ದು. ಆಕಿ ಈಗಿಲ್ಲ. ಹೊಲೀರಿ ಸಾಹೇಬ್ರೆ," ಅಂದೆ.

ಅವರು ಸೂಜಿ ತಗೊಂಡರು. ಐದು ಹೊಲಿಗೆ ಬಿದ್ದವು. ಕೋಳಿ ಉಳಿಯಿತು.

ಹೊರಗೆ ಬಂದಾಗ ನಾಯಿಯ ಯಜಮಾನರು ನನಗೆ ಬುದ್ಧಿ ಹೇಳಿದರು, "ಇನ್ಮ್ಯಾಲೆ ಕೋಳೀನ ಕಟ್ಟಿ ಹಾಕ್ರಿ."

ನಾಯಿಯ ಕೊರಳಿನ ಬೆಲ್ಟಿನ ತುದಿ ಅವರ ಕೈಯಲ್ಲೇ ಇತ್ತು. ಅದನ್ನು ಆಸ್ಪತ್ರೆಗೆ ಬರುವಾಗ ಮಾತ್ರ ಹಾಕೋದು ಅಂತ ಕಾಣುತ್ತದೆ.